ಅರ್ಧ ಹೊಣೆ: ಸ್ಥಿಮಿತ ತಪ್ಪಿದ ಮನಸ್ಸು, ಕೊಲೆಯ ಕಾನೂನು ಮತ್ತು ಜನಪದರ ವಿವೇಚನೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಒಬ್ಬನಿಂದ ಆಗಬಾರದ ಕೃತ್ಯವೊಂದು ಆದಾಗ ಜನ ಅದನ್ನು ಹೇಳುವ ಬಗೆ ಒಂದೇ ಅಲ್ಲ. ‘ಅವನು ಮಾಡಿದ’ ಎನ್ನುವುದು ಒಂದು. ‘ಮಾಡಿಬಿಟ್ಟ’ ಎನ್ನುವುದು ಇನ್ನೊಂದು. ‘ಅವನ ಕೈಯಿಂದ ಆಗಿಹೋಯಿತು’ ಎನ್ನುವುದು ಮೂರನೆಯದು. ಹವ್ಯಕರ ಆಡುಮಾತಿನಲ್ಲಿ ಇದೇ ‘ಆಗೋತು’ ಆಗುತ್ತದೆ. ಮೊದಲನೆಯದರಲ್ಲಿ ಕರ್ತೃ ಪೂರ್ಣವಾಗಿ ಇದ್ದಾನೆ. ಎರಡನೆಯದರಲ್ಲಿ ಕೃತ್ಯವು ಕರ್ತೃವಿನ ಹಿಡಿತವನ್ನು ಮೀರಿತೆಂಬ ಸೂಚನೆಯಿದೆ. ಮೂರನೆಯದರಲ್ಲಿ ಕರ್ತೃ ಹಿಂದೆ ಸರಿದು ಅವನ ಕೈ ಮಾತ್ರ ಉಳಿದಿದೆ. ಆದರೆ ಮೂರನೆಯ ಮಾತನ್ನಾಡುವವರೂ ‘ಅವನ ಕೈಯಿಂದ’ ಎಂಬುದನ್ನು ಬಿಟ್ಟುಕೊಡುವುದಿಲ್ಲವೆಂಬುದನ್ನು ಗಮನಿಸಬೇಕು. ಅವರು ಆತನನ್ನು ಬಿಡುಗಡೆ ಮಾಡುತ್ತಿಲ್ಲ, ಪೂರ್ತಿ ಹೊಣೆಯನ್ನು ಹೊರಿಸುತ್ತಲೂ ಇಲ್ಲ. ಈ ಮೂರು ಕ್ರಿಯಾರೂಪಗಳನ್ನು ಇಂಗ್ಲಿಷಿಗೆ ತಿರುಗಿಸಿದಾಗ ಹೆಚ್ಚಿನ ಸಲ ಉಳಿಯುವುದು ‘ಮಾಡಿದ’ ಎಂಬ ಒಂದೇ ಕ್ರಿಯಾಪದ.

ವ್ಯಾಕರಣದ ಈ ಸಣ್ಣ ಸಂಗತಿಯ ಹಿಂದೆ ಅಪರಾಧ ಕಾನೂನಿನ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಕೊಂದವನ ಮನಸ್ಸು ಪೂರ್ಣ ಸ್ವಸ್ಥವೂ ಅಲ್ಲ, ಪೂರ್ಣ ಹುಚ್ಚೂ ಅಲ್ಲ ಎಂಬ ಸ್ಥಿತಿಯಲ್ಲಿದ್ದರೆ ನ್ಯಾಯಾಲಯ ಅವನನ್ನು ಎಲ್ಲಿ ನಿಲ್ಲಿಸಬೇಕು? ಇಂಗ್ಲೆಂಡಿನ ಕಾನೂನು 1957ರಲ್ಲಿ ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಟ್ಟಿತು. ಅಂಥವನು ಕೊಲೆಗಾರನಲ್ಲ, ಅದಕ್ಕಿಂತ ಕೆಳಗಿನ ಮಾನವಹತ್ಯೆಯ ಅಪರಾಧಿ ಎಂಬುದೇ ಆ ಉತ್ತರ. ಇದನ್ನು ‘ತಗ್ಗಿದ ಹೊಣೆಗಾರಿಕೆ’ ಎನ್ನಬಹುದು. ಅದು ಆರೋಪಿಯನ್ನು ಬಿಡಿಸುವುದಿಲ್ಲ, ಅಪರಾಧದ ಹೆಸರನ್ನೂ ತೂಕವನ್ನೂ ಇಳಿಸುತ್ತದೆ; ಆದ್ದರಿಂದ ಅದು ಭಾಗಶಃ ರಕ್ಷಣೆ. ಭಾರತದ ದಂಡ ಸಂಹಿತೆಯಲ್ಲಿ ಇದಕ್ಕೆ ಸಮನಾದ ಅವಕಾಶ 1860ರಲ್ಲಿ ಇರಲಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಲ್ಲ. ಮುಂಬಾಗಿಲಿಲ್ಲದ ಈ ಮನೆಯೊಳಗೆ ಜನಪದರ ವಿವೇಚನೆ ಹಿತ್ತಿಲ ಬಾಗಿಲಿನಿಂದ ಹೇಗೆ ಬಂದಿತೆಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾನೂನು ಪಂಡಿತರ ಕ್ಷೇತ್ರಕ್ಕೆ ಜಾನಪದದ ವಿದ್ಯಾರ್ಥಿಯೊಬ್ಬ ಕಾಲಿಡುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಮುಂದೆ ಕಾಣುವಂತೆ, ನಮ್ಮ ನ್ಯಾಯಾಲಯಗಳೇ ಕೆಲವೊಮ್ಮೆ ದಾರಿ ಕಾಣದೆ ಜಾನಪದದ ಬಾಗಿಲು ತಟ್ಟಿವೆ.

ಮಾತಿನೊಳಗಿನ ಮನೋವಿಜ್ಞಾನ

ಈ ಮೂರು ತಾಲೂಕುಗಳ ಆಡುಮಾತಿನಲ್ಲಿ ಮನಸ್ಸಿನ ವ್ಯತ್ಯಯವನ್ನು ಸೂಚಿಸುವ ಪದಗಳು ಹಲವು. ‘ಹುಚ್ಚು’ ಎಂಬುದು ಎಲ್ಲೆಡೆಯೂ ಇದೆ. ಹವ್ಯಕರಲ್ಲಿ ‘ಮಳ್ಳು’ ಎಂಬ ಪದವು ಹುಚ್ಚು, ಪೆದ್ದುತನ, ಅತಿಮೋಹ ಮೂರಕ್ಕೂ ಸಲ್ಲುತ್ತದೆ. ‘ತಲೆ ಸಮಾ ಇಲ್ಲೆ’ ಎಂಬುದು ಇವೆಲ್ಲಕ್ಕಿಂತ ಮೃದುವಾದದ್ದು. ದುಡಿದು ಉಣ್ಣುವ, ಸಂಸಾರ ನಡೆಸುವ, ಆದರೆ ಒಳಗೆ ಏನೋ ಹದ ತಪ್ಪಿದ ಮನುಷ್ಯನಿಗೆ ಅದು ಅನ್ವಯಿಸುತ್ತದೆ. ‘ಗಾಳಿ ಸೋಕಿದ್ದು’ ಹೊರಗಿನಿಂದ ಬಂದದ್ದು, ಬಂದ ಹಾಗೆಯೇ ಹೋಗಬಲ್ಲದ್ದು. ‘ಮೈಮೇಲೆ ಬಂದದ್ದು’ ಅಥವಾ ‘ಭಾರ ಬಂದದ್ದು’ ಚೌಡಿ, ಜಟಕ, ಭೂತಪ್ಪ ಮೊದಲಾದ ದೈವಗಳ ಸನ್ನಿಧಿಯಲ್ಲಿ ನಡೆಯುವಂಥದು. ಆ ಹೊತ್ತಿನಲ್ಲಿ ಪಾತ್ರಿ ಆಡಿದ ಕಟುಮಾತಿಗೆ ಮರುದಿನ ಅವನನ್ನು ಯಾರೂ ಹೊಣೆ ಮಾಡುವುದಿಲ್ಲ. ಯಲ್ಲಾಪುರ ಭಾಗದ ಸಿದ್ದಿಯರಲ್ಲಿ ಹಿರಿಯರ ಆರಾಧನೆಗೆ ಪ್ರಮುಖ ಸ್ಥಾನವಿದೆ. ಬದುಕಿರುವವರ ನಡೆಯಲ್ಲಿ ತೀರಿಕೊಂಡವರ ಪಾಲೂ ಇರುತ್ತದೆಂಬ ನಂಬಿಕೆ ಅದರ ಹಿಂದಿದೆ.

ಇವು ರೋಗದ ಹೆಸರುಗಳಲ್ಲ, ಹೊಣೆಯನ್ನು ಹಂಚುವ ಹೆಸರುಗಳು. ‘ಮಳ್ಳು’ ಹಿಡಿದವನ ಕೃತ್ಯಕ್ಕೆ ಅವನ ಮನೆಯವರೂ ಒಂದಿಷ್ಟು ಬಾಧ್ಯರು, ಅವನನ್ನು ಕಾಯಬೇಕಿತ್ತು. ಗಾಳಿ ಸೋಕಿದವನ ವಿಷಯದಲ್ಲಿ ಪರಿಹಾರ ಮಾಡಿಸದವರದೂ ತಪ್ಪು. ಕರಾವಳಿ ಮಲೆನಾಡುಗಳಲ್ಲಿ ರೂಢಿಯಲ್ಲಿರುವ ‘ತಪ್ಪುಕಾಣಿಕೆ’ಯನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಕಾಣಿಕೆ ಇಡುವಾಗ ‘ತಿಳಿದೋ ತಿಳಿಯದೆಯೋ ಆದ ತಪ್ಪು’ ಎಂದು ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲಾಗುತ್ತದೆ. ತಿಳಿಯದೆ ಆದದ್ದು ತಪ್ಪೇ ಅಲ್ಲವೆಂದು ವಾದಿಸುವುದು ಅಲ್ಲಿ ಸಲ್ಲದು. ತಿಳಿದು ಮಾಡಿದ್ದಕ್ಕೆ ಸಮವೆಂದೂ ಯಾರೂ ಹೇಳುವುದಿಲ್ಲ.

ಮೈಮೇಲೆ ಬರುವುದನ್ನು ಆಧುನಿಕ ಮನೋವೈದ್ಯಕೀಯ ಕಡೆಗಣಿಸಿಲ್ಲ. ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರು ಕರಾವಳಿಯ ಕೋಟ ಗ್ರಾಮದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಮಾನಸಿಕ ತೊಂದರೆಯ ಜೊತೆಗೆ ಮೈದುಂಬುವಿಕೆಯನ್ನೂ ಅದು ಪರಿಶೀಲಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಆವೇಶ ಸ್ಥಿತಿಗೆ ಪ್ರತ್ಯೇಕ ಶೀರ್ಷಿಕೆಯೇ ಇದೆ. ಆದರೆ ಧಾರ್ಮಿಕ, ಸಾಂಸ್ಕೃತಿಕ ಸಂದರ್ಭದಲ್ಲಿ ಒಪ್ಪಿತವಾದ ಆವೇಶವನ್ನು ಅದು ರೋಗದಿಂದ ಹೊರಗಿಡುತ್ತದೆ. ದೈವದ ಕಟ್ಟೆಯ ಮೇಲಿನ ಆವೇಶ ರೋಗವಲ್ಲ, ಮನೆಯ ಜಗಲಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದಕ್ಕೆ ಮದ್ದು ಬೇಕು ಎಂಬ ಹಳ್ಳಿಗರ ವಿವೇಚನೆಯಿಂದ ಇದು ತೀರ ದೂರವಿಲ್ಲ.

ಹಳೆಯ ಅರ್ಧ

ಅರ್ಧ ಹೊಣೆಯ ಕಲ್ಪನೆ ನಮ್ಮ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಕನ್ನಡ ನಾಡಿನಲ್ಲೇ ರಚಿತವಾದ ಗ್ರಂಥವೊಂದು ಸಾಕ್ಷಿ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗದ ವಿಷಯದಲ್ಲಿ ಪ್ರಸಿದ್ಧವಾದುದರಿಂದ ಅದರ ಪ್ರಾಯಶ್ಚಿತ್ತ ಭಾಗದತ್ತ ಗಮನ ಹರಿದದ್ದು ಕಡಿಮೆ. ಎಂಬತ್ತು ದಾಟಿದ ವೃದ್ಧರು, ಹದಿನಾರು ತುಂಬದ ಬಾಲಕರು, ಸ್ತ್ರೀಯರು ಮತ್ತು ರೋಗಿಗಳು ವಿಧಿಸಿದ ಪ್ರಾಯಶ್ಚಿತ್ತದ ಅರ್ಧಕ್ಕೆ ಮಾತ್ರ ಬಾಧ್ಯರೆಂಬ ಸ್ಮೃತಿವಚನವನ್ನು ಅಲ್ಲಿ ಉದ್ಧರಿಸಲಾಗಿದೆ. ಇತರ ಸ್ಮೃತಿಗಳಲ್ಲೂ ಇದೇ ಆಶಯದ ವಚನಗಳಿವೆ. ಸ್ತ್ರೀಯರನ್ನು ರೋಗಿಗಳ ಸಾಲಿನಲ್ಲಿ ಕೂರಿಸಿದ್ದನ್ನು ಇಂದಿನವರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಪಾಪದ ತೂಕವು ವರ್ಣಕ್ಕೆ ತಕ್ಕಂತೆ ಬದಲಾಗುತ್ತಿದ್ದ ವ್ಯವಸ್ಥೆ ಅದೆಂಬುದನ್ನೂ ಮರೆಯಬಾರದು. ಇದು ಪ್ರಾಯಶ್ಚಿತ್ತದ ಮಾತೇ ಹೊರತು ರಾಜದಂಡದ ಮಾತಲ್ಲವೆಂಬುದೂ ಸ್ಪಷ್ಟ. ಇಷ್ಟನ್ನು ಹೇಳಿದ ಮೇಲೂ, ತಪ್ಪು ಇದೆ, ತಪ್ಪಿತಸ್ಥನೂ ಇದ್ದಾನೆ, ಆದರೆ ಹೊರಬೇಕಾದ ಭಾರ ಅರ್ಧ ಎಂಬ ಲೆಕ್ಕಾಚಾರ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತಿಳಿದ ಸಂಗತಿಯಾಗಿತ್ತೆಂಬುದು ಉಳಿಯುತ್ತದೆ.

ಪುರಾಣದಲ್ಲಿ ಇದಕ್ಕಿಂತ ಸೂಕ್ಷ್ಮವಾದ ನಿದರ್ಶನ ಕಲ್ಮಾಷಪಾದನದು. ಮಹಾಭಾರತದ ಆದಿಪರ್ವದಲ್ಲಿ ಬರುವ ಈ ರಾಜನು ಶಕ್ತಿಮುನಿಯ ಶಾಪಕ್ಕೆ ಗುರಿಯಾಗುತ್ತಾನೆ. ವಿಶ್ವಾಮಿತ್ರನ ಪ್ರೇರಣೆಯಿಂದ ಒಬ್ಬ ರಾಕ್ಷಸ ಅವನ ದೇಹವನ್ನು ಹೊಗುತ್ತಾನೆ. ಆ ಸ್ಥಿತಿಯಲ್ಲಿ ಅವನು ಶಕ್ತಿಯನ್ನೂ ವಸಿಷ್ಠನ ಉಳಿದ ಮಕ್ಕಳನ್ನೂ ತಿಂದುಹಾಕುತ್ತಾನೆ. ನೂರು ಮಕ್ಕಳನ್ನು ಕಳೆದುಕೊಂಡ ವಸಿಷ್ಠನು ಅವನನ್ನು ದಂಡಿಸದೆ ಹನ್ನೆರಡು ವರ್ಷಗಳ ನಂತರ ಶಾಪದಿಂದ ಬಿಡಿಸಿ ರಾಜ್ಯಕ್ಕೆ ಕಳುಹಿಸುತ್ತಾನೆ. ಕೊಂದವನು ರಾಜನಲ್ಲ, ಒಳಹೊಕ್ಕವನೆಂಬ ವಿವೇಚನೆ ಇಲ್ಲಿದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಸ್ಥಿತಿಯಲ್ಲಿ ರಾಜನು ಒಬ್ಬ ಬ್ರಾಹ್ಮಣನನ್ನು ಅವನ ಹೆಂಡತಿಯ ಕಣ್ಣೆದುರೇ ತಿಂದಿದ್ದ. ಪತ್ನಿಯನ್ನು ಕೂಡಿದರೆ ನಿನಗೆ ಸಾವು ಎಂದು ಅವಳು ಕೊಟ್ಟ ಶಾಪ ಮಾತ್ರ ಬಿಡುಗಡೆಯ ನಂತರವೂ ಅವನ ಬೆನ್ನು ಬಿಡುವುದಿಲ್ಲ. ವಸಿಷ್ಠನ ಕ್ಷಮೆಯೂ ಆ ಹೆಂಗಸಿನ ಅಳಲೂ ಎರಡೂ ನ್ಯಾಯವೆಂದು ಕಥೆ ಒಪ್ಪುತ್ತದೆ. ಕಾನೂನಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೈಬಿಟ್ಟುಹೋಗುವುದು ಈ ಎರಡನೆಯದು. ಮನಸ್ಸು ತಪ್ಪಿದವನ ಕೈಯಲ್ಲಿ ಸತ್ತವರ ಮನೆಯವರಿಗೆ ಸಾವು ಅರ್ಧವಾಗಿರುವುದಿಲ್ಲ.

ಎರಡೇ ಪೆಟ್ಟಿಗೆಗಳ ಸಂಹಿತೆ

ಸೋದೆ ಮತ್ತು ಬಿಳಗಿಯ ಅರಸುಮನೆತನಗಳು ಆಳಿದ ಈ ಸೀಮೆ ಹೈದರ್-ಟಿಪ್ಪುವಿನ ಆಳ್ವಿಕೆಯನ್ನು ದಾಟಿ 1799ರಲ್ಲಿ ಬ್ರಿಟಿಷರ ಕೈಗೆ ಬಂದಿತು. ಥಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರ್ ಆದನು. ಮದ್ರಾಸ್ ಪ್ರಾಂತದ ಅಪರಾಧ ನ್ಯಾಯಾಲಯಗಳು ಆರಂಭದ ದಶಕಗಳಲ್ಲಿ ರೆಗ್ಯುಲೇಷನ್‌ಗಳಿಂದ ತಿದ್ದಲ್ಪಟ್ಟ ಇಸ್ಲಾಮಿಕ್ ದಂಡನೀತಿಯನ್ನೇ ಅನುಸರಿಸಿದವು. ಹನಫಿ ಪಂಥದ ಆ ನೀತಿಯಲ್ಲಿ ಹುಚ್ಚನು ಕೊಂದರೆ ಪ್ರಾಣಕ್ಕೆ ಪ್ರಾಣವೆಂಬ ಪ್ರತಿದಂಡನೆಯಿಲ್ಲ; ಬದಲಿಗೆ ಅವನ ಕುಲಬಾಂಧವರು ರಕ್ತಧನ ತೆರಬೇಕು. ಅಂದರೆ ಅಲ್ಲಿಯೂ ಸಾವಿನ ಹೊಣೆ ಗಾಳಿಯಲ್ಲಿ ಕರಗುವುದಿಲ್ಲ, ಹೊರುವವರು ಬದಲಾಗುತ್ತಾರೆ.

1862ರಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಆದವು. ಜನವರಿ 1ರಂದು ಭಾರತ ದಂಡ ಸಂಹಿತೆ ಜಾರಿಗೆ ಬಂದಿತು. ಅದೇ ವರ್ಷ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹೊಸ ಸಂಹಿತೆಯ 84ನೆಯ ಕಲಮು ಕೃತ್ಯದ ಹೊತ್ತಿನಲ್ಲಿ ಅಸ್ವಸ್ಥಚಿತ್ತದ ಕಾರಣ ತನ್ನ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧವೆಂಬುದನ್ನಾಗಲಿ ಅರಿಯಲಾರದವನ ಕೃತ್ಯ ಅಪರಾಧವೇ ಅಲ್ಲವೆಂದಿತು. ಇದರ ಹಿಂದೆ ಇಂಗ್ಲೆಂಡಿನ ಒಂದು ಪ್ರಕರಣವಿದೆ. ಗ್ಲಾಸ್ಗೋದ ಮರಗೆಲಸಗಾರ ಡೇನಿಯಲ್ ಮ್ಯಾಕ್‌ನಾಟನ್ 1843ರ ಜನವರಿಯಲ್ಲಿ ಪ್ರಧಾನಿ ರಾಬರ್ಟ್ ಪೀಲ್‌ನ ಆಪ್ತ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ನನ್ನು ಗುಂಡಿಟ್ಟು ಕೊಂದ. ಟೋರಿಗಳು ತನ್ನನ್ನು ಬೆನ್ನಟ್ಟಿದ್ದಾರೆಂಬ ಭ್ರಮೆ ಅವನದು. ಜ್ಯೂರಿ ಅವನನ್ನು ಹುಚ್ಚಿನ ಆಧಾರದ ಮೇಲೆ ನಿರಪರಾಧಿಯೆಂದಿತು. ಗದ್ದಲವೆದ್ದಾಗ ಲಾರ್ಡ್ಸ್ ಸಭೆಯ ಪ್ರಶ್ನೆಗಳಿಗೆ ನ್ಯಾಯಾಧೀಶರು ಕೊಟ್ಟ ಉತ್ತರಗಳೇ ಮ್ಯಾಕ್‌ನಾಟನ್ ನಿಯಮಗಳಾದವು. ಅರಿವು ಇತ್ತೇ ಇಲ್ಲವೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಹಿಡಿತ ಇತ್ತೇ ಎಂದು ಅವು ಕೇಳುವುದಿಲ್ಲ. ನಮ್ಮ ‘ಮಾಡಿಬಿಟ್ಟ’ ಎಂಬ ಕ್ರಿಯಾಪದಕ್ಕೆ ಅಲ್ಲಿ ಜಾಗವಿಲ್ಲ.

ಇದರ ಪರಿಣಾಮವನ್ನು ಕಲ್ಕತ್ತಾ ಹೈಕೋರ್ಟು 1896ರಲ್ಲಿ ತೀರ್ಮಾನಿಸಿದ ಖಾದರ್ ನಸ್ಯೇರ್ ಷಾ ಪ್ರಕರಣದಲ್ಲಿ ಕಾಣಬಹುದು. ಮನೆಮಾರು ಬೆಂಕಿಗೆ ಆಹುತಿಯಾದ ಮೇಲೆ ಆರೋಪಿಯ ಮನಸ್ಸು ಕದಡಿತ್ತು, ತಲೆನೋವೆಂದು ನರಳುತ್ತಿದ್ದ. ತಾನು ಅಕ್ಕರೆಯಿಂದ ಕಾಣುತ್ತಿದ್ದ ಎಳೆಯ ಹುಡುಗನನ್ನೇ ಯಾವ ಕಾರಣವೂ ಇಲ್ಲದೆ ಕೊಂದ. ಮನಸ್ಸು ಕೆಟ್ಟಿತ್ತೆಂಬುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೆ 84ನೆಯ ಕಲಮು ಅರಿವನ್ನು ಕಳೆದ ಹುಚ್ಚಿಗೆ ಮಾತ್ರ ಸಲ್ಲುತ್ತದೆ, ಭಾವ ಮತ್ತು ಇಚ್ಛೆಗಳನ್ನು ಕೆಡಿಸಿದ ಹುಚ್ಚಿಗಲ್ಲವೆಂದು ತೀರ್ಪಿತ್ತು ಅವನನ್ನು ಅಪರಾಧಿಯೆಂದಿತು. ಪೆಟ್ಟಿಗೆ ಎರಡೇ ಇದ್ದುದರಿಂದ ಅವನು ಕೊಲೆಗಾರರ ಪೆಟ್ಟಿಗೆಗೆ ಬಿದ್ದ. ಇನ್ನೊಂದು ಪೆಟ್ಟಿಗೆಯೂ ಸುಖದ್ದೇನಲ್ಲ. ಹುಚ್ಚೆಂದು ಬಿಡುಗಡೆಯಾದವನನ್ನು ಸುರಕ್ಷಿತ ಬಂಧನದಲ್ಲಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಚೇಷ್ಟೆಯ ಮಾತು ಇಂದಿಗೂ ಉಳಿದಿರುವುದಕ್ಕೆ ಅಲ್ಲಿಯ ಹಳೆಯ ಹುಚ್ಚಾಸ್ಪತ್ರೆಯೇ ಕಾರಣ.

ಇಂಗ್ಲೆಂಡಿನ ಮೂರನೆಯ ಪೆಟ್ಟಿಗೆ

ಮೂರನೆಯ ಪೆಟ್ಟಿಗೆಯನ್ನು ಮೊದಲು ಮಾಡಿದ್ದು ಇಂಗ್ಲೆಂಡ್ ಅಲ್ಲ, ಸ್ಕಾಟ್ಲೆಂಡ್. 1867ರಲ್ಲಿ ಹೆಂಡತಿಯನ್ನು ಇರಿದು ಕೊಂದ ಡಿಂಗ್ವಾಲ್ ಎಂಬವನ ವಿಚಾರಣೆಯಲ್ಲಿ ನ್ಯಾಯಾಧೀಶ ಲಾರ್ಡ್ ಡೀಸ್, ಕುಡಿತದಿಂದ ಜರ್ಜರಿತವಾದ ದುರ್ಬಲ ಮನಸ್ಸನ್ನು ಗಣನೆಗೆ ತೆಗೆದುಕೊಂಡು ಅಪರಾಧವನ್ನು ಕೊಲೆಯಿಂದ ಕೆಳಗಿಳಿಸಬಹುದೆಂದು ಜ್ಯೂರಿಗೆ ತಿಳಿಸಿದ. ತೊಂಬತ್ತು ವರ್ಷಗಳ ನಂತರ 1957ರ ನರಹತ್ಯಾ ಕಾಯ್ದೆಯ ಎರಡನೆಯ ಕಲಮು ಇದನ್ನು ಇಂಗ್ಲೆಂಡಿಗೆ ತಂದಿತು. ಕೊಲೆಗೆ ಮರಣದಂಡನೆ ಕಡ್ಡಾಯವಾಗಿದ್ದ ಕಾಲವದು. ನೇಣಿನ ಕುಣಿಕೆಯಿಂದ ತಪ್ಪಿಸುವ ದಾರಿಯೊಂದು ಬೇಕಿತ್ತು. ಮನಸ್ಸಿನ ಅಸಹಜತೆಯಿಂದ ಮಾನಸಿಕ ಹೊಣೆಗಾರಿಕೆ ಗಣನೀಯವಾಗಿ ಕುಗ್ಗಿದ್ದರೆ ಅದು ಕೊಲೆಯಲ್ಲವೆಂದು ಕಾಯ್ದೆ ಸಾರಿತು. 1960ರ ಬರ್ನ್ ಪ್ರಕರಣದಲ್ಲಿ ಲಾರ್ಡ್ ಪಾರ್ಕರ್, ಅರಿವು ಮಾತ್ರವಲ್ಲ, ಇಚ್ಛೆಯನ್ನು ಹತೋಟಿಯಲ್ಲಿಡುವ ಶಕ್ತಿಯೂ ಇದರಲ್ಲಿ ಸೇರುತ್ತದೆಂದು ವಿವರಿಸಿದ. ಮನಸ್ಸು ಅಸಹಜವೇ ಎಂಬುದನ್ನು ಸಾಮಾನ್ಯ ವಿವೇಕಿಯ ಕಣ್ಣಿನಿಂದ ನೋಡಿ ತೀರ್ಮಾನಿಸುವ ಕೆಲಸ ಜ್ಯೂರಿಯದೆಂದೂ ಹೇಳಿದ. ಆರೋಪಿ ಬರ್ನ್‌ನ ಅಪರಾಧ ಮಾನವಹತ್ಯೆಗೆ ಇಳಿದರೂ ಅವನ ಜೀವಾವಧಿ ಶಿಕ್ಷೆ ಹಾಗೆಯೇ ಉಳಿಯಿತು. ಹೆಸರು ಇಳಿದಾಕ್ಷಣ ಶಿಕ್ಷೆ ಇಳಿಯಬೇಕೆಂದಿಲ್ಲ.

ಈ ಕಾನೂನಿನ ಆಶ್ರಯ ಪಡೆದ ಭಾರತೀಯ ಮಹಿಳೆಯೊಬ್ಬಳ ಪ್ರಕರಣ ಪ್ರಸಿದ್ಧವಾಗಿದೆ. ಪಂಜಾಬಿನಿಂದ ಮದುವೆಯಾಗಿ ಇಂಗ್ಲೆಂಡಿಗೆ ಹೋದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷಗಳ ಹೊಡೆತ ಬಡಿತದ ನಂತರ 1989ರಲ್ಲಿ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದಳು. ಕೊಲೆಯ ಅಪರಾಧಿಯೆಂದು ಜೀವಾವಧಿ ಶಿಕ್ಷೆಯಾಯಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯವು ಪ್ರಚೋದನೆಯ ವಾದವನ್ನು ಒಪ್ಪದೆ, ದೀರ್ಘಕಾಲದ ಖಿನ್ನತೆಯ ಬಗ್ಗೆ ದೊರೆತ ಹೊಸ ಸಾಕ್ಷ್ಯದ ಆಧಾರದಿಂದ ಶಿಕ್ಷೆಯನ್ನು ರದ್ದುಗೊಳಿಸಿ ಮರುವಿಚಾರಣೆಗೆ ಆದೇಶಿಸಿತು. ಮಾನವಹತ್ಯೆಯೆಂಬ ತಪ್ಪೊಪ್ಪಿಗೆ ಸ್ವೀಕೃತವಾಗಿ, ಅಷ್ಟರಲ್ಲಾಗಲೇ ಕಳೆದಿದ್ದ ಮೂರು ವರ್ಷ ನಾಲ್ಕು ತಿಂಗಳ ಸೆರೆವಾಸವೇ ಶಿಕ್ಷೆಯಾಗಿ ಅವಳು ಹೊರಬಂದಳು. ಇಲ್ಲಿ ಒಂದು ಮಾತು ಹೇಳಬೇಕು: ಅವಳಿಗೆ ಬಿಡುಗಡೆ ದೊರೆತದ್ದು ರೋಗಿಯೆಂಬ ಹೆಸರಿನಲ್ಲಿ, ಹತ್ತು ವರ್ಷಗಳ ಹೊಡೆತ ವೈದ್ಯರ ಭಾಷೆಗೆ ಅನುವಾದಗೊಂಡ ಮೇಲಷ್ಟೇ ಕಾನೂನಿನ ಕಿವಿಗೆ ತಲುಪಿತು. 2009ರ ಕಾಯ್ದೆ 1957ರ ಮಾತುಗಳನ್ನು ಬದಲಿಸಿ, ವೈದ್ಯಕೀಯವಾಗಿ ಮಾನ್ಯವಾದ ಸ್ಥಿತಿಯೊಂದು ಇರಲೇಬೇಕೆಂದು ವಿಧಿಸಿತು. ಅದು 2010ರಿಂದ ಜಾರಿಯಲ್ಲಿದೆ. ಖಚಿತತೆ ಹೆಚ್ಚಿತು, ನಿಜ. ಆದರೆ ಸಾಮಾನ್ಯ ಮನುಷ್ಯರ ವಿವೇಚನೆಗೆ 1957ರ ಕಾಯ್ದೆ ಬಿಟ್ಟಿದ್ದ ಅವಕಾಶ ಕಿರಿದಾಯಿತೆಂಬುದು ನನ್ನ ಅಭಿಪ್ರಾಯ.

ಹಿತ್ತಿಲ ಬಾಗಿಲುಗಳು

ಭಾರತದ ಕಾನೂನು ಆಯೋಗವು 1971ರಲ್ಲಿ ಸಲ್ಲಿಸಿದ ನಲವತ್ತೆರಡನೆಯ ವರದಿಯಲ್ಲಿ ಈ ರಕ್ಷಣೆಯನ್ನು ನಮ್ಮಲ್ಲಿಗೆ ತರುವ ಪ್ರಶ್ನೆಯನ್ನು ಚರ್ಚಿಸಿ ಬೇಡವೆಂದಿತು. ವೈದ್ಯಕೀಯ ಮತ್ತು ಕಾನೂನಿನ ತೊಡಕುಗಳು ಹೆಚ್ಚಾಗುತ್ತವೆಂಬುದು ಅದರ ಅಳುಕು. ಬಾಗಿಲು ಹಾಕಿತು, ಆದರೆ ಬರುವವರು ನಿಲ್ಲಲಿಲ್ಲ.

ಮೊದಲನೆಯ ಹಿತ್ತಿಲ ಬಾಗಿಲು ದೆವ್ವದ್ದು. ಸಂಹಿತೆಯ 79ನೆಯ ಕಲಮಿನಂತೆ ವಾಸ್ತವಾಂಶದ ತಪ್ಪುಗ್ರಹಿಕೆಯಿಂದ, ಸದ್ಭಾವನೆಯಿಂದ, ತಾನು ಮಾಡುತ್ತಿರುವುದು ಕಾನೂನುಸಮ್ಮತವೆಂದು ನಂಬಿ ಮಾಡಿದ್ದು ಅಪರಾಧವಲ್ಲ. ಪಟ್ನಾ ಹೈಕೋರ್ಟಿನ ಮುಂದೆ ಬಂದ ಬೊಂಡಾ ಕುಯಿ ಪ್ರಕರಣದಲ್ಲಿ (1943ರ ವರದಿ) ನಡುರಾತ್ರಿ ಸೊಂಟಕ್ಕೆ ಪೊರಕೆ ಮತ್ತು ಹರಕು ಚಾಪೆ ಕಟ್ಟಿಕೊಂಡು ಬೆತ್ತಲೆ ಕುಣಿಯುತ್ತಿದ್ದ ಆಕೃತಿಯನ್ನು ನರಭಕ್ಷಕ ಪಿಶಾಚಿಯೆಂದು ಬಗೆದು ಒಬ್ಬ ಹೆಂಗಸು ಹೊಡೆದು ಕೊಂದಳು. ಸತ್ತವಳು ಅವಳ ಮನೆಯವಳೇ. ನ್ಯಾಯಾಲಯ ಅವಳನ್ನು ಬಿಡುಗಡೆ ಮಾಡಿತು. 1958ರಲ್ಲಿ ಒರಿಸ್ಸಾದ ರಸಗೋವಿಂದಪುರದಲ್ಲಿ, ಪಾಳುಬಿದ್ದ ವಿಮಾನ ನಿಲ್ದಾಣದ ಬಳಿ ದೆವ್ವಗಳಿವೆಯೆಂದು ಕೇಳಿ ರಾತ್ರಿ ನೋಡಹೋದವರಲ್ಲಿ ನೇಪಾಳಿ ಸೇವಕ ರಾಮ್ ಬಹಾದ್ದೂರ್ ಥಾಪಾ ಒಬ್ಬ. ಮಿಣುಕುವ ಬೆಳಕಿನ ಸುತ್ತ ಆಡುತ್ತಿದ್ದ ಆಕೃತಿಗಳ ಮೇಲೆ ಅವನು ಖುಕ್ರಿ ಬೀಸಿದ. ಅವರು ಲಾಂದ್ರ ಹಿಡಿದು ಮಹುವಾ ಹೂ ಆರಿಸುತ್ತಿದ್ದ ಆದಿವಾಸಿ ಹೆಂಗಸರು. ಒಬ್ಬಳು ಸತ್ತಳು, ಇಬ್ಬರು ಗಾಯಗೊಂಡರು. ಒರಿಸ್ಸಾ ಹೈಕೋರ್ಟು ಅವನ ಬಿಡುಗಡೆಯನ್ನು ಎತ್ತಿಹಿಡಿಯಿತು.

ಜಾನಪದದ ಅಭ್ಯಾಸಿಗೆ ಇಂಥ ತೀರ್ಪುಗಳು ಅಮೂಲ್ಯ ಆಕರಗಳು. ನಂಬಿಕೆಯೊಂದು ಪ್ರಮಾಣವಚನದ ಮೇಲೆ ದಾಖಲಾಗುವುದು ಅಪರೂಪ. ಆದರೆ ಅವುಗಳ ಒಂದು ಕೊ೦ರತೆಯನ್ನೂ ಕಾಣಬೇಕು. ಭಯದಿಂದ ಅರೆಮರುಳಾದ ಮನಸ್ಸನ್ನು ಒಳತರಲು ನ್ಯಾಯಾಲಯಗಳು ಅದನ್ನು ಪೂರ್ಣ ಸ್ವಸ್ಥ ಮನಸ್ಸೆಂದು, ತಿಳಿವಳಿಕೆ ಮಾತ್ರ ತಪ್ಪಿತ್ತೆಂದು ಚಿತ್ರಿಸಬೇಕಾಯಿತು. ಅದರಿಂದ ಫಲ ಪೂರ್ಣ ಬಿಡುಗಡೆಯಾಯಿತು. ಹೂವು ಆರಿಸಹೋಗಿ ಸತ್ತವಳ ಲೆಕ್ಕ ಯಾರ ಹೆಸರಿಗೂ ಬರೆಯಲ್ಪಡಲಿಲ್ಲ. ನಮ್ಮ ಹಳ್ಳಿಯ ಕಟ್ಟೆಯಲ್ಲಾದರೆ ಕನಿಷ್ಠ ಒಂದು ತಪ್ಪುಕಾಣಿಕೆಯಾದರೂ ಬೀಳುತ್ತಿತ್ತು.

ಎರಡನೆಯ ಬಾಗಿಲನ್ನು ತೆರೆದದ್ದು ಒಂದು ಲಾವಣಿ. ತಮಿಳುನಾಡಿನ ನಲ್ಲತಂಗಾಳ್ ಕಥೆ ದಕ್ಷಿಣದ ಜಾನಪದ ಬಲ್ಲವರಿಗೆ ಹೊಸದಲ್ಲ. ಬರಗಾಲದಲ್ಲಿ ಏಳು ಮಕ್ಕಳೊಂದಿಗೆ ತವರಿಗೆ ಬಂದವಳು ಅಣ್ಣನ ಹೆಂಡತಿಯ ಕ್ರೌರ್ಯ ತಾಳದೆ ಮಕ್ಕಳನ್ನು ಒಂದೊಂದಾಗಿ ಬಾವಿಗೆ ಎಸೆದು ತಾನೂ ಹಾರುತ್ತಾಳೆ. ಸಂಸಾರದ ಸಂಕಟ ತಾಳದೆ ಮಕ್ಕಳೊಂದಿಗೆ ಬಾವಿಗೆ ಹಾರಿ ತಾನು ಮಾತ್ರ ಬದುಕುಳಿದ ತಾಯಿಯ ಮೇಲೆ ಕೊಲೆಯ ಆರೋಪ ಬಂದ ಸುಯಂಬುಕ್ಕನಿ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು 1989ರಲ್ಲಿ ಈ ಕಥೆಯ ಹೆಸರಿನಿಂದಲೇ ‘ನಲ್ಲತಂಗಾಳ್ ಲಕ್ಷಣ’ವೆಂಬ ಪರಿಕಲ್ಪನೆಯನ್ನು ಬಳಸಿತು. ಸಂಹಿತೆ ಒಪ್ಪುವುದು ಗಂಭೀರ ಹಾಗೂ ಹಠಾತ್ ಪ್ರಚೋದನೆಯನ್ನು; ಇವಳ ಸಂಕಟವಾದರೋ ಹಠಾತ್ ಅಲ್ಲ, ವರ್ಷಗಟ್ಟಲೆ ಕೂಡಿದ್ದು. ‘ನಿರಂತರ ಪ್ರಚೋದನೆ’ಯೆಂದು ಅದನ್ನು ಕರೆದು, ಸಂಹಿತೆಯಲ್ಲಿ ಅಕ್ಷರಶಃ ಇಲ್ಲದ ವಿನಾಯಿತಿಯೊಂದನ್ನು ಗುರುತಿಸಿ, ನ್ಯಾಯಾಲಯವು ಅಪರಾಧವನ್ನು ಕೊಲೆಯಲ್ಲದ ಮಾನವಹತ್ಯೆಗೆ ಇಳಿಸಿತು. ಗೌಹಾಟಿ ಹೈಕೋರ್ಟು 2013ರಲ್ಲಿ ಹೊಡೆತ ತಿನ್ನುತ್ತಿದ್ದ ಹೆಂಡತಿಯೊಬ್ಬಳ ಪ್ರಕರಣದಲ್ಲಿ ಇದನ್ನು ಚರ್ಚಿಸಿತು. ತಮಿಳು ಲಾವಣಿಯೊಂದು ಬ್ರಹ್ಮಪುತ್ರೆಯ ದಂಡೆಯ ತೀರ್ಪಿನಲ್ಲಿ ಕಾಣಿಸಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಛತ್ತೀಸಗಢದ ದೌವಾರಾಮ್ ನಿರ್ಮಲಕರ್ ಪ್ರಕರಣದಲ್ಲಿ, ಕುಡುಕ ಸಹೋದರನ ಸರಣಿ ಕಿರುಕುಳವನ್ನು ಒಟ್ಟಾಗಿ ತೂಗಿ ಪ್ರಚೋದನೆಯ ವಿನಾಯಿತಿಯನ್ನು ಅನ್ವಯಿಸಿತು.

ಕನ್ನಡದಲ್ಲಿ ಇಂಥ ಕಥೆಗಳಿಲ್ಲವೇ? ‘ಕೆರೆಗೆ ಹಾರ’ದಲ್ಲಿ ಭಾಗೀರಥಿಯನ್ನು ಕಳೆದುಕೊಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಅತ್ತೆಮನೆಯ ಸಂಕಟ ತಾಳದ ಹೆಣ್ಣಿನ ಕಥನಗೀತೆಗಳು ನಮ್ಮ ಸಂಕಲನಗಳಲ್ಲಿ ಹೇರಳವಾಗಿವೆ. ಅವುಗಳನ್ನು ನಾವು ತ್ಯಾಗ, ಪಾತಿವ್ರತ್ಯ, ಕರುಣರಸಗಳ ಶೀರ್ಷಿಕೆಯಡಿಯಲ್ಲಿ ಓದಿದಷ್ಟು, ಒತ್ತಡದಲ್ಲಿ ಕುಸಿಯುವ ಮನಸ್ಸಿನ ದಾಖಲೆಗಳೆಂದು ಓದಿಲ್ಲ. ಮದ್ರಾಸಿನ ನ್ಯಾಯಾಧೀಶರು ಓದಿದ ಬಗೆ ನಮ್ಮ ವಿಭಾಗಗಳಿಗೂ ಪಾಠವಾಗಬೇಕು.

ಮೂರನೆಯದು ಶಿಕ್ಷೆಯ ಹಂತದ ಬಾಗಿಲು. 1980ರ ಬಚನ್ ಸಿಂಗ್ ತೀರ್ಪು ಮರಣದಂಡನೆಯನ್ನು ತಗ್ಗಿಸಬಲ್ಲ ಸಂಗತಿಗಳಲ್ಲಿ, ಕೃತ್ಯದ ಅಪರಾಧತ್ವವನ್ನು ಅರಿಯುವ ಶಕ್ತಿಯನ್ನು ಕುಗ್ಗಿಸಿದ ಮಾನಸಿಕ ದೋಷವನ್ನೂ ಪರಿಗಣಿಸಿತು. ವೀರಪ್ಪನ್ ಸಹಚರರೆಂದು ಶಿಕ್ಷೆಗೊಳಗಾಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ನಾಲ್ವರ ಮರಣದಂಡನೆಯೂ ಬದಲಾದ 2014ರ ಶತ್ರುಘ್ನ ಚೌಹಾಣ್ ತೀರ್ಪು, ವಿಳಂಬದ ಜೊತೆಗೆ ಮಾನಸಿಕ ಅಸ್ವಸ್ಥತೆಯನ್ನೂ ಶಿಕ್ಷೆ ಇಳಿಸಲು ಆಧಾರವೆಂದಿತು. ಅದೇ ಹಿಂಡಲಗಾದಲ್ಲಿ 2006ರಿಂದ 2016ರವರೆಗೆ ಏಕಾಂತ ಬಂಧನದಲ್ಲಿದ್ದ ಬಿ.ಎ. ಉಮೇಶನ ಮರಣದಂಡನೆಯನ್ನು ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಜೀವಾವಧಿಗೆ ಇಳಿಸಿತು. ಆ ಏಕಾಂತ ಅವನ ಮೇಲೆ ಮಾಡಿದ ದುಷ್ಪರಿಣಾಮ ಅದಕ್ಕೆ ಮುಖ್ಯ ಕಾರಣ. ಇಲ್ಲೊಂದು ವ್ಯತ್ಯಾಸವಿದೆ. ಇವು ಹೆಚ್ಚಿನಂಶ ಶಿಕ್ಷೆಯ ನಂತರ ಕೆಟ್ಟ ಮನಸ್ಸುಗಳ ಕಥೆ, ಕೃತ್ಯದ ಹೊತ್ತಿನ ಮನಸ್ಸಿನದಲ್ಲ. ಅಲ್ಲದೆ ಈ ಬಾಗಿಲು ನೇಣಿನಿಂದ ತಪ್ಪಿಸುತ್ತದೆಯೇ ಹೊರತು ಕೊಲೆಯೆಂಬ ಹೆಸರಿನಿಂದಲ್ಲ. ಕೊಲೆಯೆಂದು ಸ್ಥಿರಪಟ್ಟರೆ ಕನಿಷ್ಠ ಶಿಕ್ಷೆಯೇ ಜೀವಾವಧಿ. ಕೊಲೆಯಲ್ಲದ ಮಾನವಹತ್ಯೆಯಾದರೆ ಕೆಲವೇ ವರ್ಷಗಳ ಶಿಕ್ಷೆಯನ್ನೂ ವಿಧಿಸುವ ಸ್ವಾತಂತ್ರ್ಯ ನ್ಯಾಯಾಧೀಶನಿಗಿದೆ. ‘ತಲೆ ಸಮಾ ಇಲ್ಲದ’ವನ ಪಾಲಿಗೆ ಈ ಅಂತರವೇ ಬದುಕು.

ಸಾಕ್ಷಿಯ ಮಾತು

1964ರ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹುಚ್ಚಿನ ವಾದವನ್ನು ಸಾಬೀತುಪಡಿಸುವ ಆರೋಪಿಯ ಹೊರೆ ಸಿವಿಲ್ ವ್ಯಾಜ್ಯದ ಪಕ್ಷಕಾರನದಕ್ಕಿಂತ ಹೆಚ್ಚಿನದಲ್ಲವೆಂದಿತು. ಕೃತ್ಯದ ಹಿಂದಿನ, ಆ ಹೊತ್ತಿನ ಮತ್ತು ಆನಂತರದ ನಡವಳಿಕೆಯನ್ನು ನೋಡಿಯೇ ಮನಸ್ಸನ್ನು ಅಳೆಯಬೇಕೆಂಬ ತತ್ತ್ವವನ್ನೂ ನ್ಯಾಯಾಲಯಗಳು ಅನುಸರಿಸುತ್ತ ಬಂದಿವೆ. ಈ ನಡವಳಿಕೆಗೆ ಸಾಕ್ಷಿ ಹೇಳಬೇಕಾದವರು ಮನೋವೈದ್ಯರಲ್ಲ, ನೆರೆಮನೆಯವರು. ಶಿರಸಿಯ ತೋಟದ ಆಳು, ಸಿದ್ದಾಪುರದ ಗದ್ದೆಯ ಒಕ್ಕಲು, ಯಲ್ಲಾಪುರದ ಕಾಡಂಚಿನ ಸಿದ್ದಿ ಹೆಂಗಸು ತಾವು ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಅವರ ಮಾತಿನಲ್ಲಿ ಮೇಲೆ ಹೇಳಿದ ಹಂತಗಳೆಲ್ಲ ಇರುತ್ತವೆ. ಅದು ದಾಖಲೆಗೆ ಇಳಿಯುವಾಗ ಹಂತಗಳು ಕುಸಿದು ‘ಅಸ್ವಸ್ಥಚಿತ್ತನಿದ್ದನೇ, ಇಲ್ಲವೇ’ ಎಂಬ ಪ್ರಶ್ನೆಗೆ ಹೌದು-ಅಲ್ಲಗಳಾಗುತ್ತವೆ. ‘ಗದ್ದೆ ಹೂಡುತ್ತಿದ್ದ, ಸಂತೆಗೆ ಹೋಗುತ್ತಿದ್ದ’ ಎಂದು ಸಾಕ್ಷಿ ಒಪ್ಪಿದೊಡನೆ ಅವನು ಸ್ವಸ್ಥನೆಂದಾಗುತ್ತದೆ. ಆದರೆ ಗದ್ದೆ ಹೂಡುವುದಕ್ಕೂ ತಲೆ ಸಮವಿಲ್ಲದಿರುವುದಕ್ಕೂ ಹಳ್ಳಿಯವರ ಲೆಕ್ಕದಲ್ಲಿ ವಿರೋಧವಿಲ್ಲ.

1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೆಯ ಕಲಮು ಸಾಕ್ಷಿ ಆಡಿದ ಭಾಷೆಯಲ್ಲೇ ಸಾಕ್ಷ್ಯವನ್ನು ಬರೆದುಕೊಳ್ಳಲು ಅವಕಾಶ ನೀಡಿತ್ತು. ಭಾಷೆಯೆಂದರೆ ಕನ್ನಡವೋ ಇಂಗ್ಲಿಷೋ ಎಂಬಷ್ಟಕ್ಕೇ ಅದನ್ನು ಅರ್ಥಮಾಡಿಕೊಳ್ಳಲಾಗಿದೆ. ಗ್ರಾಂಥಿಕ ಕನ್ನಡಕ್ಕೆ ತಿದ್ದಿದಾಗಲೂ ‘ಆಗೋತು’ ಎಂಬುದು ‘ಮಾಡಿದನು’ ಆಗಬಹುದೆಂಬ ಎಚ್ಚರ ಅದರಲ್ಲಿಲ್ಲ. ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠಕ್ಕೆ ಈ ಜಿಲ್ಲೆಯ ಮೇಲ್ಮನವಿಗಳು ಹೋಗುತ್ತವೆ. ಕಾರವಾರದ ಸೆಷನ್ಸ್ ನ್ಯಾಯಾಲಯದ ಹಳೆಯ ಕಡತಗಳಲ್ಲಿರುವ ಕನ್ನಡ ಸಾಕ್ಷ್ಯಗಳನ್ನೂ ಅವುಗಳ ಇಂಗ್ಲಿಷ್ ರೂಪಗಳನ್ನೂ ಜೊತೆಗಿಟ್ಟು, ಕ್ರಿಯಾಪದ ಕ್ರಿಯಾಪದವಾಗಿ ಹೋಲಿಸಿ ನೋಡುವ ಕೆಲಸವನ್ನು ನಮ್ಮ ಜಾನಪದ ವಿಭಾಗಗಳ ಸಂಶೋಧನಾರ್ಥಿಗಳು ಕೈಗೆತ್ತಿಕೊಳ್ಳಬಹುದು. ಭಾರತೀಯ ನ್ಯಾಯ ಸಂಹಿತೆಯ ಮೊದಲ ಕರಡು 2023ರ ಆಗಸ್ಟಿನಲ್ಲಿ ಮಂಡನೆಯಾದಾಗ 22ನೆಯ ಕಲಮಿನಲ್ಲಿ ‘ಮಾನಸಿಕ ಅಸ್ವಸ್ಥತೆ’ಯೆಂಬ ಅರ್ಥದ ಪದವಿತ್ತು. ಅಂತಿಮ ಪಾಠದಲ್ಲಿ 1860ರ ಹಳೆಯ ಪದವೇ ಹಿಂದಿರುಗಿತು.